ಹೀರಾ ಕಟ್ಟಿದ ಗಂಟು

ಮೀನು ನೀರಿನಲ್ಲಿರುತ್ತದೆ. ಶೇವಂತಿಯ ಗಾಳ ಮಾತ್ರ ಜಾಲಿ ಗಿಡದಲ್ಲಿತ್ತು.

"ಏನ್ ಶೇವಂತಿ, ಗಿಡದಾಗ ಎಷ್ಟು ಮೀನ ಬಿದ್ದೂವು?" ಹೊಳೆಯ ದಂಡೆಯ ಮೇಲೆ ಕಾಲು ಚಾಚಿ ಕೂತಿದ್ದ ಬಾಳು ಕೇಳಿದ. ಬಾಳು ಅವಳ ದೊಡ್ಡಪ್ಪನ ಮಗ. ಅವಳಿಗಿಂತ ಒಂದೇ ವರ್ಷ ದೊಡ್ಡವನು. ಅವನ ಬಾಯಿ ಮಾತ್ರ ಇನ್ನೂ ನಾಲ್ಕು ವರ್ಷ ದೊಡ್ಡದು.

"ಬಾಯಿ ಮುಚ್ಚೋ. ಮೀನ ಹೆದರ್ತಾವು."

"ಯಾವ ಮೀನ? ಗಿಡದಾಗಿನವೇನ?"

ಶೇವಂತಿ ಸಿಟ್ಟಿನಿಂದ ಕೋಲು ಜಗ್ಗಿದಳು. ಪಟ್ಟನೆ ದಾರ ಹರಿಯಿತು. ಗಾಳ ಮೊದಲು ಕೆಳಗೆ ಬಿತ್ತು, ಅದರ ಹಿಂದೆಯೇ ಒಂದು ಮುಳ್ಳಿನ ಟೊಂಗೆಯೂ ಬಿತ್ತು. ಬಾಳು ಹೊಟ್ಟೆ ಹಿಡಿದುಕೊಂಡು ನಕ್ಕ.

ನಗಲು ಅವನಿಗೆ ಕಾರಣವಿತ್ತು. ರಾಜರ ಅರಮನೆಗೆ ಅತಿಥಿಯಾಗಿ ಬಂದಿದ್ದ ಬಿಳಿಯ ಸಾಹೇಬನೊಬ್ಬ ಬರುವ ರವಿವಾರ ಕೃಷ್ಣಾ ಹೊಳೆಗೆ ಮೀನು ಹಿಡಿಯಲು ಬರುವವನಿದ್ದ. ದೋಣಿ ಅವರಿಬ್ಬರ ಅಜ್ಜ ಗಿರಿಮಲ್ಲಪ್ಪನದು. ದೋಣಿಯ ಮುಂದಿನ ತುದಿಯಲ್ಲಿ ಕೂತು, ನೀರಿನಲ್ಲಿ ಬಂಡೆ ಎಲ್ಲಿದೆ, ಪಾಚಿ ಎಲ್ಲಿದೆ ಎಂದು ನೋಡಿ ಹೇಳಲು ಒಬ್ಬರು ಬೇಕು.

"ಇಬ್ಬರೂ ಗಾಳಾ ಹಾಕ್ರಿ," ಎಂದಿದ್ದ ಅಜ್ಜ. "ರವಿವಾರದೊಳಗ ಯಾರು ದೊಡ್ಡ ಮೀನ ತರ್ತಾರ, ಅವರಿಗೆ ಮುಂದಿನ ಜಾಗಾ."

ಬಾಳು ನಿನ್ನೆಯೇ ಜೋಳದ ಹಿಟ್ಟಿನ ಉಂಡೆ ಸಿಗಿಸಿ ಬೆರಳುದ್ದದ ಮೀನು ತಂದಿದ್ದ. ಮೀನಿಗಿಂತ ಅದನ್ನು ಹಿಡಿದ ಕತೆ ಉದ್ದವಿತ್ತು. ಸಾಲಿಯಲ್ಲಿ ಆ ಕತೆ ಹೇಳಿ ಹೇಳಿ, ಸಂಜೆಯ ಹೊತ್ತಿಗೆ ಮೀನೂ ಮೊಳದುದ್ದ ಬೆಳೆದಿತ್ತು.

"ಹುಡುಗ್ಯಾರು ದೋಣಿ ಮುಂದ ಕುಂತ್ರ ದೋಣಿ ನಾಚತೈತಿ," ಎಂದು ಬೇರೆ ಹೇಳಿದ್ದ.

ಅದಕ್ಕೇ ಶೇವಂತಿಗೆ ಬೆರಳುದ್ದದ ಮೀನು ಬೇಡವಾಗಿತ್ತು. ಮಡುವಿನ ಪಾಚಿಯ ಪಕ್ಕದಲ್ಲಿ ಒಂದು ದೊಡ್ಡ ಮರಳ ಮೀನಿತ್ತು. ಹಾವಿನಂಥ ತಲೆ, ಅಜ್ಜನ ತೋಳಿನಷ್ಟು ದಪ್ಪ ಮೈ. ಆಗಾಗ ಮೇಲೆ ಬಂದು 'ಗುಳುಕ್' ಎಂದು ಗಾಳಿ ಕುಡಿದು ಹೋಗುತ್ತಿತ್ತು. ಹೆಸರು ಮರಳ; ಮರುಳಾದವಳು ಶೇವಂತಿ.

ಆ ಸಂಜೆ ಅಜ್ಜ ಕಟ್ಟೆಯ ಮೇಲೆ ಕೂತು ಅವಳ ಗಾಳವನ್ನು ಕಲ್ಲಿಗೆ ತಿಕ್ಕಿ ಕೊಟ್ಟ.

"ಉಗುರಿನ ಮ್ಯಾಲ ಇಟ್ಟು ನೋಡಬೇಕವ್ವಾ. ಜಾರಿತು ಅಂದ್ರ ಮೊಂಡ. ಕಚ್ಚಿ ನಿಂತಿತು ಅಂದ್ರ ಚೂಪ."

"ಯಜ್ಜ, ನಾ ಮೀನಿನ ತಲಿ ಮ್ಯಾಲನ ಬರೋಬ್ಬರಿ ಒಗೀತೇನಿ. ಆದ್ರೂ ಓಡಿ ಹೋಗತೈತಿ."

"ನಿನ್ನ ತಲಿ ಮ್ಯಾಲ ಯಾರರೆ ಚಮಚಾ ಒಗದ್ರ ನೀ ನಿಂದರ್ತೀಯೇನ?" ಅಜ್ಜ ನಕ್ಕ. "ಮೀನಿನ ಆಚೆ ಒಗಿ. ಆಮ್ಯಾಲ ಸಾವಕಾಶ ಅದರ ಮುಂದ ಹಾಯಿಸ್ಕೊಂಡ ಬಾ. ನಿನ್ನ ನೆರಳು ನೀರಿಗೆ ಬೀಳಬಾರದು. ಕಾಲು ದಪ್ ದಪ್ ಇಡಬ್ಯಾಡ. ಮೀನಿಗೆ ಮೈಯೆಲ್ಲಾ ಕಿವಿ."

ಚಮಚ ಎಂದರೆ ಊಟದ ಚಮಚವಲ್ಲ. ಹೋದ ವರ್ಷ ಬಂದ ಸಾಹೇಬನೊಬ್ಬ ಅಜ್ಜನಿಗೆ ಕೊಟ್ಟು ಹೋದದ್ದು. ಹಿತ್ತಾಳೆಯ ಪುಟ್ಟ ತಗಡು, ಬಾಲಕ್ಕೆ ಒಂದು ಗಾಳ. ನೀರಿನಲ್ಲಿ ಎಳೆದರೆ ಗರಗರ ತಿರುಗಿ ಸಣ್ಣ ಮೀನಿನ ಹಾಗೆ ಮಿಂಚುತ್ತಿತ್ತು. ಅದು ಪಾಚಿಗೆ ಸಿಗದ ಹಾಗೆ ಮೇಲೊಂದು ಜೋಳದ ದಂಟಿನ ಬೆಂಡು ಕಟ್ಟಿದ್ದು ಅಜ್ಜನ ಬುದ್ಧಿ.

ಅಜ್ಜ ಎಲ್ಲ ಹೇಳುತ್ತಿದ್ದ, ಸುಳ್ಳು ಮಾತ್ರ ಹೇಳುತ್ತಿರಲಿಲ್ಲ. "ನೀರಿನ ಮ್ಯಾಲ ಕುಂತು ಸುಳ್ಳು ಹೇಳಿದ್ರ ದೋಣಿ ಸೋರತೈತಿ" ಎನ್ನುವುದು ಅವನ ಮಾತು. ಶೇವಂತಿ ಅದನ್ನು ಪೂರಾ ನಂಬಿದ್ದಳು.

ಈಗ ಬೇಕಾದದ್ದು ಹರಿಯದ ದಾರ. ದಾರಕ್ಕೆ ಹೀರಾ ಇದ್ದಳು.

ಹೀರಾ ಸಾಲಿಯಲ್ಲಿ ಅವಳ ಪಕ್ಕವೇ ಕೂರುವವಳು. ಹೀರಾಳ ಅಪ್ಪ ಪಾರಿಸಪ್ಪನದು ರಬಕವಿಯ ನೇಕಾರರಿಗೆ ನೂಲು ಮಾರುವ ಅಂಗಡಿ. ನೂಲಿನ ನಡುವೆಯೇ ಬೆಳೆದ ಹೀರಾಗೆ ಗಂಟು ಹಾಕುವುದೆಂದರೆ ಉಸಿರಾಡಿದಷ್ಟು ಸುಲಭ. ಅವಳು ಕಟ್ಟಿದ ಗಂಟು ಬಿಚ್ಚಬೇಕಾದರೆ ಹಲ್ಲು ಗಟ್ಟಿ ಇರಬೇಕು ಎಂದು ಇಡೀ ವರ್ಗ ಹೇಳುತ್ತಿತ್ತು.

ಆದರೆ ಹೀರಾ ಜೈನರ ಹುಡುಗಿ. ಅವರ ಮನೆಯಲ್ಲಿ ದೀಪಕ್ಕೆ ಹುಳ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು.

"ಹುಳಾ ಚುಚ್ತಿಯೇನ?" ಹೀರಾ ಕೇಳಿದಳು.

"ಇಲ್ಲಬೇ. ಬರೇ ಚಮಚಾ."

"ಕಪ್ಪಿ?"

"ಅದೂ ಇಲ್ಲ."

"ಮತ್ತ ಮೀನ?"

ಶೇವಂತಿ ಗಾಳದ ತುದಿಯನ್ನು ಉಗುರಿಗೆ ಒತ್ತಿ ನೋಡಿದಳು. ಹೀರಾ ಬಹಳ ಹೊತ್ತು ಬೆರಳಿಗೆ ನೂಲು ಸುತ್ತಿದಳು, ಬಿಚ್ಚಿದಳು. ಕಡೆಗೆ, "ತಾ ಕೋಲು. ತುದೀಗೆ ನಾನ ಕಟ್ಟಿ ಕೊಡ್ತೇನಿ," ಎಂದಳು.

ಮರುದಿನ ಶನಿವಾರ. ಮುಂಜಾನೆಯ ಸಾಲಿ ಬಿಟ್ಟ ಕೂಡಲೇ ಶೇವಂತಿ ಮಡುವಿಗೆ ಓಡಿದಳು. ನೆರಳು ಹಿಂದೆ ಬೀಳುವ ಹಾಗೆ ನಿಂತಳು. ಚಮಚವನ್ನು ಪಾಚಿಯ ಆಚೆ ಒಗೆದಳು. ಈ ಸಲ ಗಿಡಕ್ಕೆ ಸಿಗಲಿಲ್ಲ! ಸಾವಕಾಶ ಎಳೆದಳು. ಚಮಚ ಮಿಣುಕ್ ಮಿಣುಕ್ ಎನ್ನುತ್ತ ಬಂತು.

ನೀರು ಒಡೆದು ಹೋಯಿತು.

ಮೀನು ಕಚ್ಚಿದ ಹಾಗಿರಲಿಲ್ಲ, ಹಾರಿ ಬಡಿದ ಹಾಗಿತ್ತು. ಕೋಲು ಬಿಲ್ಲಿನಂತೆ ಬಾಗಿತು. "ಬಿತ್ತು! ಯವ್ವಾ, ಬಿತ್ತು!" ಎಂದು ಕೂಗಿ, ಹಿಮ್ಮಡಿ ಊರಿ ಜಗ್ಗಿದಳು. ಮೀನೂ ಜಗ್ಗಿತು.

ಆಗ ಕೋಲಿನ ತುದಿಯ ಗಂಟು, ಯಾರೋ ಮೆಲ್ಲಗೆ ಬಿಚ್ಚಿದ ಹಾಗೆ, ಸರ್ರನೆ ಬಿಚ್ಚಿಕೊಂಡಿತು. ಬೆಂಡು ನೀರಿನ ಮೇಲೆ ಓಡಿ ಓಡಿ ಪಾಚಿಯೊಳಗೆ ಮರೆಯಾಯಿತು. ಶೇವಂತಿ ಕೆಸರಿನಲ್ಲಿ ಕೂತಿದ್ದಳು. ಕೈಯಲ್ಲಿ ಕೋಲಿತ್ತು, ಕೋಲಿನಲ್ಲಿ ಏನೂ ಇರಲಿಲ್ಲ.

ನೂಲು ಹರಿದಿರಲಿಲ್ಲ. ಗಂಟು ಬಿಚ್ಚಿತ್ತು. ಹೀರಾ ಕಟ್ಟಿದ ಗಂಟು!

"ಲಾಡಿ ಗಂಟು ಹಾಕೀದಿ, ಹೌದಿಲ್ಲೋ?" ಶೇವಂತಿ ಹೀರಾಳ ಮನೆಯ ಹಿತ್ತಲಿನಲ್ಲಿ ನಿಂತು ಕೇಳಿದಳು. "ಚಡ್ಡಿ ಲಾಡಿಗೆ ಹಾಕೂ ಗಂಟು! ಖರೆ ಹೇಳು."

ಹೀರಾ ತಲೆ ತಗ್ಗಿಸಿದಳು. "ಸಣ್ಣಗೆ ಜಗ್ಗಿದ್ರ ಗಟ್ಟಿ. ಜೋರ್ ಜಗ್ಗಿದ್ರ ಬಿಚ್ಚತೈತಿ. ಮೀನ ಬದುಕ್ಲಿ ಅಂತ ಹಾಕ್ದೆ."

"ಬದುಕ್ಲಿ ಅಂತ?" ಶೇವಂತಿಯ ದನಿ ಒಡೆಯಿತು. "ಅದರ ಬಾಯಾಗ ಗಾಳಾ ಐತಿ. ಮಾರುದ್ದ ನೂಲು ಎಳ್ಕೋತ ಹೊಂಟೈತಿ. ಪಾಚಿಗೆ ಸಿಕ್ಕೊಂಡು ಮ್ಯಾಲ ಬರಾಕ ಆಗಲಿಲ್ಲ ಅಂದ್ರ ಉಸರು ಕಟ್ಟಿ ಸಾಯತೈತಿ. ನಾ ಹಿಡದಿದ್ರ ಒಂದ ಗಳಿಗಿ ನೋವು. ನೀ ಬಿಟ್ಟಿದ್ದಕ್ಕ ಎಷ್ಟು ದಿನಾನೋ!"

ಹೀರಾಳ ಮುಖ ಸುಣ್ಣದ ಗೋಡೆಯಂತಾಯಿತು. ಆಕೆ ಅಳುತ್ತಾಳೆ ಎಂದುಕೊಂಡಳು ಶೇವಂತಿ. ಅಳಲಿಲ್ಲ. ಒಳಗೆ ಹೋದಳು, ಒಂದು ಲಡಿ ಹೊಸ ನೂಲು ಹಿಡಿದು ಹೊರಗೆ ಬಂದಳು.

"ನಡಿ."

"ಎಲ್ಲಿಗೆ?"

"ಮೀನ ಹಿಡ್ಯಾಕ."

ದಾರಿಯಲ್ಲಿ ಹೀರಾ ಕೋಲಿನ ತುದಿಗೆ ಹೊಸ ನೂಲು ಸುತ್ತಿ ಮತ್ತೊಂದು ಗಂಟು ಕಟ್ಟಿದಳು. ನೇಕಾರರು ಹರಿದ ಎಳೆಗೆ ಹಾಕುವ ಗಂಟು ಅದು, ಜಗ್ಗಿದಷ್ಟೂ ಬಿಗಿ. ಶೇವಂತಿ ಹಲ್ಲಿನಿಂದ ಎಳೆದು ನೋಡಿದಳು. ಹಲ್ಲು ನೋಯಿತು, ಗಂಟು ಅಲುಗಲಿಲ್ಲ.

ಮಡುವಿನಲ್ಲಿ ಬೆಂಡು ಕಾಣುತ್ತಿತ್ತು. ಮೀನು ಓಡಿ ಹೋಗಿರಲಿಲ್ಲ. ಬೆಂಡಿನ ಪಕ್ಕದಲ್ಲಿ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಏನೋ ಕುದಿಯುತ್ತಿತ್ತು.

"ಅದೇನಬೇ?" ಹೀರಾ ಪಿಸುಗುಟ್ಟಿದಳು.

ಶೇವಂತಿಗೆ ಈಗ ತಿಳಿಯಿತು. "ಮರಿ," ಎಂದಳು. "ಅದರ ಮರಿ. ಅದಕ್ಕ ಜಾಗಾ ಬಿಟ್ಟು ಹೋಗಿಲ್ಲ. ಮುಂಜಾನಿ ಅದು ಹಸದು ಬಂದಿದ್ದಿಲ್ಲ ಹೀರಾ. ಚಮಚಾ ಮರಿ ತಿನ್ನಾಕ ಬಂತಂತ ತಿಳದು ಬಡೀತು."

ನೋಡುತ್ತಿದ್ದಂತೆಯೇ ಬೆಳ್ಳಗಿನ ಮೀನೊಂದು ಆ ಕೆಂಪಿನೊಳಗೆ ನುಗ್ಗಿ ಬಂದು ಹೋಯಿತು. ಮತ್ತೊಂದು ಬಂತು. ಬೆಂಡು ಅತ್ತ ಎಳೆದಾಡಿತು, ಆದರೆ ನೂಲು ಪಾಚಿಗೆ ಸುತ್ತಿಕೊಂಡಿತ್ತು. ತಾಯಿಗೋ ತಂದೆಗೋ, ಆ ಮೀನಿಗೆ ಅಷ್ಟು ದೂರ ಬರಲಾಗುತ್ತಿರಲಿಲ್ಲ.

ಶೇವಂತಿ ಹೊಸ ನೂಲಿನ ತುದಿಗೆ ತನ್ನ ಹಳೆಯದೊಂದು ಗಾಳವನ್ನೂ ಸಣ್ಣ ಕಲ್ಲನ್ನೂ ಕಟ್ಟಿದಳು. ಬೆಂಡಿನ ಮೇಲಲ್ಲ, ಬೆಂಡಿನ ಆಚೆ ಒಗೆದಳು. ಮೊದಲ ಸಲ ಪಾಚಿ ಬಂತು. ಆಮೇಲೆ ಇನ್ನಷ್ಟು ಪಾಚಿ ಬಂತು. ಕಡೆಗೆ ಗಾಳ ನೂಲಿನ ಮೇಲೆ ಹಾದು, ಅದನ್ನು ಕೊಕ್ಕೆ ಹಾಕಿ ಹಿಡಿಯಿತು.

"ಗಂಟು ತಡೀತೈತೇನ?"

"ತಡೀತೈತಿ," ಎಂದಳು ಹೀರಾ. "ಈ ಸಲ ತಡೀತೈತಿ."

ಮೀನು ಜಗ್ಗಿದಾಗ ಸಡಿಲ ಬಿಟ್ಟು, ಸುಮ್ಮನಾದಾಗ ಎಳೆದು, ದಂಡೆಯ ತನಕ ತಂದರು. "ಕೈ ಒದ್ದಿ ಮಾಡ್ಕೋ. ಒಣಾ ಕೈ ಮೀನಿಗೆ ಉರೀತೈತಿ," ಎಂದಳು ಶೇವಂತಿ. ಹೀರಾ ಎರಡೂ ಕೈ ನೀರಿಗೆ ಅದ್ದಿದಳು. ಕಣ್ಣು ಮುಚ್ಚಿಕೊಂಡು, ಹುಟ್ಟಿದಂದಿನಿಂದ ಮುಟ್ಟದಿದ್ದ ಮೀನನ್ನು ತಬ್ಬಿ ಹಿಡಿದಳು. ಶೇವಂತಿ ಗಾಳವನ್ನು ಒಳಗೆ ಹೋದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೆದಳು. ಅವಳ ಬೆರಳಿನಲ್ಲಿ ರಕ್ತ ಬಂತು.

ಎಂಥ ಮೀನು! ಬಾಳುವಿನ ಮೀನು ಇದರ ಬಾಲಕ್ಕೂ ಸಮವಲ್ಲ. ಮನೆ ಅಲ್ಲೇ ಕಾಣುತ್ತಿತ್ತು. ಮರಳ ಮೀನು ನೀರಿನ ಹೊರಗೂ ತುಸು ಹೊತ್ತು ಬದುಕುತ್ತದೆ. ಓಡಿ ಹೋಗಿ ಅಜ್ಜನಿಗೆ ತೋರಿಸಿ ಓಡಿ ಬಂದರೆ? ದೋಣಿಯ ಮುಂದಿನ ಜಾಗ, ಸಾಹೇಬ, ಬಾಳುವಿನ ಹುಳ್ಳಗಿನ ಮುಖ...

"ಶೇವಂತಿ," ಹೀರಾ ಕಣ್ಣು ತೆರೆದಿದ್ದಳು. "ಅಲ್ಲಿ ನೋಡು. ಮರಿ ಕಡಿಮಿ ಆಗಾಕತ್ತಾವು."

ಶೇವಂತಿ ನೋಡಿದಳು. ಆಮೇಲೆ ಮೀನಿನ ಹೊಟ್ಟೆಯ ಕೆಳಗೆ ಕೈ ಕೊಟ್ಟು, ಅದು ತಾನಾಗಿಯೇ ಬಾಲ ಬೀಸುವ ತನಕ ನೀರಿನಲ್ಲಿ ಹಿಡಿದುಕೊಂಡಳು. ಬಾಲ ಬೀಸಿತು. ಕೈ ಖಾಲಿಯಾಯಿತು. ಪಾಚಿಯ ಕಡೆ ಬೆಳ್ಳಗಿನ ಮೀನುಗಳು ಚೆಲ್ಲಾಪಿಲ್ಲಿ ಓಡಿದವು.

ಮನೆಯಲ್ಲಿ ಅಜ್ಜ ಅವಳ ಬೆರಳು ನೋಡಿದ. ಲಂಗಕ್ಕೆ ಹತ್ತಿದ್ದ ಲೋಳೆ ನೋಡಿದ. "ಮೀನ ಎಲ್ಲೆವ್ವಾ?" ಎಂದ.

"ಇಲ್ಲಜ್ಜ."

ಅಜ್ಜ ಒಳಗಿನಿಂದ ಡಬ್ಬಿ ತಂದ. ಬೆರಳಿಗೆ ಅರಿಷಿಣ ಒತ್ತಿದ, ಅಷ್ಟೇ.

ರವಿವಾರ ಸಾಹೇಬ ಬಂದ. ಬೂಟು ಬಂತು, ಟೋಪಿ ಬಂತು, ಗರ್ ಎನ್ನುವ ರೀಲಿನ ಕೋಲು ಬಂತು, ಎಲ್ಲದರ ಹಿಂದೆ ತೆಳ್ಳಗೆ ಸಾಹೇಬ ಬಂದ. ಬಾಳು ದೋಣಿಯ ಮುಂದಿನ ತುದಿಯಲ್ಲಿ ದಿವಾನನ ಹಾಗೆ ಕೂತ. ಶೇವಂತಿ ಮತ್ತು ಹೀರಾ ದಂಡೆಯ ಮೇಲಿದ್ದರು.

ದೋಣಿ ಮಡುವಿನ ಹತ್ತಿರ ಬಂದಾಗ ಸಾಹೇಬ ಪಾಚಿಯ ಕಡೆ ಬೆರಳು ಮಾಡಿದ. ಆ ಕೆಂಪು ಅಲ್ಲೇ ಕುದಿಯುತ್ತಿತ್ತು. ಶೇವಂತಿಗೆ ದಂಡೆಯಿಂದಲೇ ಕಂಡಿತು. ಅವಳು ಹೀರಾಳ ಕೈ ಹಿಡಿದುಕೊಂಡಳು.

ಅಜ್ಜನೂ ಅತ್ತ ನೋಡಿದ. ಹುಟ್ಟನ್ನು ಇನ್ನೊಂದು ಬದಿಗೆ ಹಾಕಿದ. ದೋಣಿ ಪಾಚಿಯನ್ನು ದೂರದಿಂದ ಸುತ್ತು ಹಾಕಿತು.

"ಅಲ್ಲೇನೂ ಇಲ್ರೀ ಸಾಹೇಬರ," ಅಜ್ಜನ ದನಿ ನೀರಿನ ಮೇಲೆ ತೇಲಿ ಬಂತು. "ಅಲ್ಲೆ ಮೀನ ಇಲ್ಲ. ಮುಂದ ಹೋಗೂಣ್ರೀ."

ಮಧ್ಯಾಹ್ನ ದೋಣಿ ದಡಕ್ಕೆ ಬಂತು. ಬಾಳು ಹಾರಿ ಇಳಿದ. "ಸಾಹೇಬರು ನನಗ ಬಿಸ್ಕೀಟ ಕೊಟ್ರು! ಕೇಳ್ತಿಯೇನ, ಏನೇನಾತು ಅಂತ?"

ಶೇವಂತಿ ಕೇಳಿದ್ದು ಬೇರೆ.

"ಬಾಳು, ದೋಣ್ಯಾಗ ನೀರು ಬಂದಿತ್ತೇನ?"

"ಇಲ್ಲಲ. ಒಂದು ಹನಿ ಸುದ್ದಾ ಇಲ್ಲ. ಯಾಕ?"

ಶೇವಂತಿ ಅಜ್ಜನ ಕಡೆ ನೋಡಿದಳು. ಅಜ್ಜ ಹಗ್ಗ ಕಟ್ಟುತ್ತಿದ್ದ. ಕಟ್ಟುತ್ತಲೇ ಇದ್ದ.

"ಏನಿಲ್ಲ," ಎಂದಳು. "ಸುಮ್ನ ಕೇಳ್ದೆ."