ರಾಜ್ಯಪಾಲರು ಬದಲಾಗಿದ್ದಾರೆ

"ಚ... ಹಾ... ಸಾ... ಕು," ಎಂದಿತು ಫಕೀರಪ್ಪನ ಕೊರಳಿನ ಸ್ವರಪಟ್ಟಿ.

ಹೆಂಡತಿ ಮಹಾದೇವಿ ಪಟ್ಟಿಯನ್ನೇ ದಿಟ್ಟಿಸಿದಳು. ಹೋದ ವಾರದವರೆಗೂ ಅದು ಪಟಪಟನೆ ಮಾತಾಡುತ್ತಿತ್ತು.

ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿ ಕಳೆದುಕೊಂಡವರಿಗೆಂದೇ ಬಂದ ಸಾಧನವದು. ಪಟ್ಟಿ ನರಗಳ ಮಿಡಿತವನ್ನು ಹಿಡಿಯುತ್ತದೆ. ಗೋಡೆಯ ಗೂಡಿನಲ್ಲಿಟ್ಟ ಪುಟ್ಟ ಲಿನಕ್ಸ್ ಕಂಪ್ಯೂಟರ್ ಅದನ್ನು ಪದಗಳಾಗಿಸಿ, ಫಕೀರಪ್ಪ ಹುಬ್ಬಳ್ಳಿಯ ಹತ್ತಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಕಾಲದ ಧ್ವನಿಯಲ್ಲಿ ನುಡಿಸುತ್ತದೆ. ಆ ಚಿಕಿತ್ಸೆ ಬೇಡವೆಂದು ಅವನು ಹಟ ಹಿಡಿದಿದ್ದ. ಉಸಿರುಗಟ್ಟಿ ಪ್ರಜ್ಞೆ ತಪ್ಪಿದಾಗ ಒಪ್ಪಿಗೆಯ ಸಹಿ ಹಾಕಿದವಳು ಮಹಾದೇವಿ. ಪಟ್ಟಿ ಕಟ್ಟಿದ ದಿನವೇ, "ನನ್ನ ಮ್ಯಾಲೆ ಸಿಟ್ಟೈತೇನ್ರೀ?" ಎಂದು ಕೇಳಿದ್ದಳು. "ಸಿಟ್ಟಿಲ್ಲ, ಎಲ್ಲಾ ಚಲೋ ಐತಿ!" ಎಂದು ತಟ್ಟನೆ ಉತ್ತರ ಬಂದಿತ್ತು. ಅಷ್ಟು ಬೇಗ ಬಂದ ಕ್ಷಮೆಯ ಮೇಲೂ ಅವಳಿಗೆ ಅನುಮಾನವೇ.

ಈಗ ಕಂಪ್ಯೂಟರಿನ ಪರದೆ ನೋಡಿದಳು: "ರಾಜ್ಯಪಾಲರು ಬದಲಾಗಿದ್ದಾರೆ. ವೇಗ ಇಳಿಸಲಾಗಿದೆ." ಮೊದಲು ಕಿಟಕಿ ಮುಚ್ಚಿದಳು, ಆಮೇಲೆ ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ರೇಷ್ಮಾ ನದಾಫಳಿಗೆ ಫೋನ್ ಮಾಡಿದಳು.

"ನಮ್ಮನಿಯವರ ಮಾತಿಗೂ ರಾಜ್ಯಪಾಲರಿಗೂ ಏನ್ ಸಂಬಂಧ?" ರೇಷ್ಮಾ ಒಳಗೆ ಬರುತ್ತಲೇ ಮಹಾದೇವಿ ಪಿಸುಗುಟ್ಟಿದಳು. "ಸರಕಾರ ಕದ್ದು ಕೇಳಾಕ ಹತ್ತೈತೇನು?"

ರೇಷ್ಮಾ ನಕ್ಕುಬಿಟ್ಟಳು. "ರಾಜಭವನದವರಲ್ರೀ ಅಕ್ಕಾರ! ಕನ್ನಡಕ್ಕ ತಂದೋರು 'ಗವರ್ನರ್' ಅನ್ನೂದನ್ನ ಹಂಗ ರಾಜ್ಯಪಾಲ ಮಾಡಿಬಿಟ್ಟಾರ."

ಕಂಪ್ಯೂಟರಿನ ಮಿದುಳಾದ ಸಂಸ್ಕಾರಕವು ಸದಾ ಒಂದೇ ವೇಗದಲ್ಲಿ ಓಡುವುದಿಲ್ಲ, ಕೆಲಸ ಹೆಚ್ಚಿದರೆ ಅದರ ಬಡಿತ ಏರುತ್ತದೆ, ತಗ್ಗಿದರೆ ಇಳಿಯುತ್ತದೆ, ಅದನ್ನು ನಿರ್ಧರಿಸುವ ತಂತ್ರಾಂಶವೇ ಈ ಗವರ್ನರ್ ಎಂದು ವಿವರಿಸುತ್ತ ಅವಳು ಪರೀಕ್ಷೆಗೆ ತೊಡಗಿದಳು. ಸಂಸ್ಕಾರಕ ಬಿಸಿಯಾಗಿರಲಿಲ್ಲ. ಫ್ಯಾನಿನಲ್ಲಿ ಧೂಳಿರಲಿಲ್ಲ. ವಿದ್ಯುತ್ತೂ ಸರಿಯಾಗಿತ್ತು.

"ಕೆಟ್ಟಿಲ್ರೀ. ಯಾರೋ ಬೇಕಂತನ ನಿಧಾನದ ಗವರ್ನರನ್ನ ಕೂಡಿಸ್ಯಾರ."

"ನಿಮ್ಮ ಕಂಪನಿಯವರ ಇರಬೇಕು. ಹೊಸಾದು ತಗೊಳ್ಳಲಿ ಅಂತ."

"ನಿಮ್ಮ ಸಂಶೇಕ್ಕ ಔಷಧ ನಮ್ಮ ಕಡೆ ಇಲ್ಲ ಬಿಡ್ರಿ," ಎಂದು ರೇಷ್ಮಾ ಪೂರ್ಣವೇಗದ ಗವರ್ನರನ್ನು ಮತ್ತೆ ಜಾರಿಗೆ ತಂದಳು. ಫಕೀರಪ್ಪ ಕೈಯೆತ್ತಿದ. ಯಾರೂ ಗಮನಿಸಲಿಲ್ಲ.

"ಊಟಕ್ಕ ಏನು..." ಮಹಾದೇವಿ ಬಾಯಿ ತೆರೆದಳಷ್ಟೇ.

"ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು!" ಹರಾಜಿನ ಕಟ್ಟೆಯ ಅದೇ ಗತ್ತು. ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಗಂಡನ ಕೊರಳನ್ನು ನೋಡಿದಳು. ಅದು ಮಿಸುಕಿರಲಿಲ್ಲ.

"ನನ್ನ ಮ್ಯಾಲೆ..."

"ಸಿಟ್ಟಿಲ್ಲ, ಎಲ್ಲಾ ಚಲೋ ಐತಿ!"

ಫಕೀರಪ್ಪ ಅಲ್ಲವೆಂದು ಜೋರಾಗಿ ತಲೆ ಅಲ್ಲಾಡಿಸುತ್ತಿದ್ದ.

ರೇಷ್ಮಾಳ ನಗು ಇಂಗಿತು. "ವೇಗ ಹೆಚ್ಚಿದ್ದಾಗ ಯಂತ್ರಕ್ಕ ಪುರುಸೊತ್ತು ಸಿಗತೈತಿ," ಎಂದಳು ಮೆಲ್ಲಗೆ. "ನರ ಮಿಡಿಯೂದ್ರೊಳಗ ಹಳೆ ಮಾತು ನೋಡಿ ಊಹಿಸಿ ಹೇಳಿಬಿಡತೈತಿ. ನಿಧಾನ ಇದ್ರ ಊಹೆಗೆ ಟೈಮಿಲ್ಲ. ಅವರು ಹೇಳಿದ್ದಷ್ಟ ಹೇಳತೈತಿ. ಇದು ನಮಗ ಹೊಳೀಲೇ ಇಲ್ರೀ."

"ಹಂಗಾರ ಗವರ್ನರನ್ನ ಬದಲಿಸಿದ್ದು..."

ಫಕೀರಪ್ಪ ಪರದೆಯ ಮೇಲಿನ ವೇಗದ ಗುಂಡಿಯನ್ನು ತೋರಿಸಿ, ತನ್ನ ಎದೆಗೆ ಬೆರಳಿಟ್ಟ.

"ಮೊದಲಿನಂಗ ಮಾಡವ್ವಾ," ಎಂದಳು ಮಹಾದೇವಿ. ರೇಷ್ಮಾ ವೇಗ ಇಳಿಸಿದಳು. ಮಹಾದೇವಿ ಗಂಡನ ಎದುರು ಕುಳಿತು ಪೂರ್ತಿ ಪ್ರಶ್ನೆಯನ್ನು ಕೇಳಿದಳು.

ಕೊರಳು ಮಿಡಿಯಿತು. ಬಹಳ ಹೊತ್ತಿನ ಮೇಲೆ ಪಟ್ಟಿ ನುಡಿಯಿತು.

"ಸಿಟ್ಟು... ಐತಿ."

ಅವಳು ಏಳಲು ಹೋದಳು. ಕೊರಳು ಇನ್ನೂ ಮಿಡಿಯುತ್ತಿತ್ತು.

"ಕೂ... ಡು. ಇನ್ನೂ... ಮುಗಿ... ದಿಲ್ಲ."

ಮಹಾದೇವಿ ಕುಳಿತಳು. ಅವನ ಮಾತನ್ನು ಅವಳು ನಂಬಿದ್ದು ಅಂದೇ ಮೊದಲು.