ಗೇಜಿನ ಹಿಂದಿನ ಕೊಳವೆ

ಶನಿವಾರ ಮಧ್ಯಾಹ್ನ ಮೂರೂವರೆಗೆ ಶೆರಿಫ್ ಕಚೇರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುವ ಕಾರು ಓಟದಲ್ಲಿ ಒಂದು ಕಾರಿನ ಒಳಗೇ ಬೆಂಕಿ ಎದ್ದಿದೆ. ಇಪ್ಪತ್ತು ವರ್ಷದ ಟೆಸ್ ಬ್ರಾಂಡ್ ಎಂಬ ಹುಡುಗಿಯ ಎರಡೂ ಕಾಲು ಸುಟ್ಟಿವೆ. ಉಳಿಯುತ್ತಾಳೋ ಇಲ್ಲವೋ ಹೇಳಲಾಗದು. ಡಿಟೆಕ್ಟಿವ್ ಕಾರ್ಲಾ ಹೌಗನ್ ಅಪಘಾತವೆಂದು ಪ್ರಕರಣ ದಾಖಲಿಸಿಕೊಂಡು, ಡೆಪ್ಯುಟಿ ರಸ್‌ನನ್ನು ಜೀಪು ಹತ್ತಿಸಿಕೊಂಡಳು. ನಾರ್ತ್ ಡಕೋಟಾದ ಆ ಬಯಲಿನಲ್ಲಿ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಸೂರ್ಯಕಾಂತಿ ಹೊಲಗಳ ಆಚೆ ಹೊಗೆ ಇನ್ನೂ ನಿಂತಿತ್ತು.

ಹುಡುಗಿಯ ತಂದೆ ಗಾರ್ವಿನ್ ಆಸ್ಪತ್ರೆಯ ಪಡಸಾಲೆಯಲ್ಲಿ ಟೋಪಿ ಹಿಸುಕುತ್ತ ಕೂತಿದ್ದ.

"ಕಾರು ಯಾರ್ದು?"

"ನಂದು. ನಾನೇ ಓಡಿಸ್ಬೇಕಿತ್ತು. ಬೆಳಿಗ್ಗೆ ಭುಜ ಹಿಡ್ಕೊಂಡ್ಬಿಡ್ತು. ನಾನ್ ಕೂತ್ಕೋತೀನಿ ಬಿಡಪ್ಪ ಅಂದ್ಳು."

"ಬೆಂಕಿ ಎಲ್ಲಿಂದ ಬಂತು?"

"ಡ್ಯಾಶ್‌ಬೋರ್ಡಿಂದ. ಪೆಟ್ರೋಲ್ ಒತ್ತಡ ತೋರ್ಸೋ ಗೇಜ್ ಇತ್ತಲ್ಲ, ಅದನ್ನ ಹೋದ್ ತಿಂಗ್ಳು ಅವ್ಳೇ ಜೋಡಿಸಿದ್ದು. ಏನೋ ಎಡವಟ್ಟು ಮಾಡಿದಾಳೆ."

ಒಳಗೆ ಮಗಳು ಜೀವ ಹಿಡಿದುಕೊಂಡು ಮಲಗಿರುವಾಗ ಅಪ್ಪನ ಬಾಯಿಂದ ಬಂದ ಮಾತು ಇದು. ಕಾರ್ಲಾಗೆ ಮೈ ಉರಿಯಿತು. ಆದರೂ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು.

ಬೆಂಕಿಯಿಂದ ಟೆಸ್‌ಳನ್ನು ಎಳೆದು ತಂದವನು ಗಾರ್ವಿನ್‌ನ ನೆರೆಯವ, ಮೂವತ್ತು ವರ್ಷಗಳಿಂದ ಗೆಳೆಯನಾಗಿದ್ದ ಆರ್ಲೋ ಲುಂಡ್. ಎರಡೂ ಕೈ ಸುಟ್ಟುಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದ. ಊರಿನವರು ಆಗಲೇ ಅವನ ಹಾಸಿಗೆಯ ಸುತ್ತ ಕೇಕು, ಹೂವು ತಂದಿಟ್ಟಿದ್ದರು. "ಆರ್ಲೋ ಇಲ್ದಿದ್ರೆ ಹೆಣ ತರ್ಬೇಕಿತ್ತು" ಎಂದು ಗಾರ್ವಿನ್ ಅತ್ತ.

ಭಾನುವಾರ ಸಂಜೆ ವೈದ್ಯರು ಹತ್ತು ನಿಮಿಷ ಮಾತಾಡಲು ಬಿಟ್ಟರು. ಕಾರ್ಲಾ ಬಾಯಿ ತೆರೆಯುವ ಮೊದಲೇ ಹುಡುಗಿ ಕೇಳಿದಳು:

"ನಾನ್ ತಪ್ಪು ಮಾಡಿದ್ನಾ?"

"ಅದನ್ನೇ ತಿಳ್ಕೊಳಕ್ಕೆ ಬಂದಿದೀನಿ. ಗೇಜ್ ಹೆಂಗೆ ಜೋಡಿಸ್ದೆ, ಹೇಳು."

"ಎರಡು ಥರ ಸಿಗುತ್ತೆ. ಅಪ್ಪ ಅಗ್ಗದ್ದು ಸಾಕು ಅಂದ್ರು. ಅದಕ್ಕೆ ಪೆಟ್ರೋಲ್ ಕೊಳವೇನ ಕಾರೊಳಗೇ ತರ್ಬೇಕು, ಮೊಣಕಾಲ್ ಮೇಲೇ ಪೆಟ್ರೋಲ್ ಇಟ್ಕೊಂಡ್ ಕೂತಂಗೆ. ನಾನ್ ಜಗಳ ಆಡಿ ಕರೆಂಟಿಂದು ತಗೊಂಡೆ. ಅದ್ರ ಸೆನ್ಸರ್ ಇಂಜಿನ್ ಕಡೆನೇ ಇರುತ್ತೆ. ಒಳಗೆ ಬರೋದು ಬರೀ ತಂತಿ."

"ಶನಿವಾರ ಏನಾದ್ರೂ ಬೇರೆ ಥರ ಕಾಣಿಸ್ತಾ?"

ಹುಡುಗಿ ಕಣ್ಣು ಮುಚ್ಚಿದಳು. "ಕೀ ತಿರುಗ್ಸಿದ್ರೆ ಮುಳ್ಳು ಒಂದ್ಸಲ ಕೊನೇತನಕ ಹೋಗಿ ವಾಪಸ್ ಬರ್ಬೇಕು. ಶನಿವಾರ ಅಲ್ಲಾಡ್ಲೇ ಇಲ್ಲ. ಸಾಲು ಮುಂದಕ್ಕೆ ಹೋಗ್ತಿತ್ತು, ಹಿಂದಿನೋರು ಹಾರ್ನ್ ಹೊಡೀತಿದ್ರು. ಆಮೇಲ್ ನೋಡಿದ್ರಾಯ್ತು ಅಂತ ಬಿಟ್ಬಿಟ್ಟೆ. ನಂದೇ ತಪ್ಪು ಅಲ್ವಾ?"

ಹತ್ತು ನಿಮಿಷ ಮುಗಿಯಿತೆಂದು ನರ್ಸ್ ಕರೆದಳು, ಕಾರ್ಲಾ ಎದ್ದು ಬಂದಳು. ಆ ಪ್ರಶ್ನೆ ಮನೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

ಸೋಮವಾರ ಇಬ್ಬರು ಸಾಕ್ಷಿಗಳ ಮುಂದೆ ಕಾರಿನ ಮಹಜರು ನಡೆಯಿತು. ಡ್ಯಾಶ್‌ಬೋರ್ಡ್ ಕರಗಿ ಇಳಿದಿತ್ತು. ಅದನ್ನು ಬಿಡಿಸಿ ನೋಡಿದರೆ ಗೇಜಿನ ಹಿಂದೆ ತಂತಿಯ ಬದಲು ಪೆಟ್ರೋಲ್ ಕೊಳವೆ ಇತ್ತು. ಅದೇ ಕಂಪನಿಯ, ಎದುರಿನಿಂದ ಅದೇ ಮುಖದ ಅಗ್ಗದ ಗೇಜು; ಕೀ ತಿರುಗಿಸಿದರೆ ಇದರ ಮುಳ್ಳು ಅಲ್ಲಾಡುವುದಿಲ್ಲ. ಕೊಳವೆಯ ತುದಿಯ ನಟ್ಟನ್ನು ಎರಡೇ ಸುತ್ತು ತಿರುಗಿಸಿ ಬಿಟ್ಟಿದ್ದರು. ಕಾರು ನಿಂತಿರುವಷ್ಟು ಹೊತ್ತು ತಡೆದುಕೊಂಡೀತು. ವೇಗ ಏರಿ, ಮೈ ನಡುಗಿ, ಒತ್ತಡ ಹೆಚ್ಚಿದಾಗ ಓಡಿಸುವವರ ತೊಡೆಯ ಮೇಲೆ ಪೆಟ್ರೋಲ್ ಚಿಮ್ಮದೆ ಇರದು.

ಇಂಜಿನ್ ಕಡೆ ಬೆಂಕಿ ತಾಗಿರಲಿಲ್ಲ. ಟೆಸ್‌ಗೆ ಒಂದು ಅಭ್ಯಾಸ, ಬಿಗಿ ಮಾಡಿದ ಪ್ರತಿಯೊಂದು ನಟ್ಟಿಗೂ ಕೆಂಪು ಉಗುರುಬಣ್ಣದ ಬೊಟ್ಟು ಇಡುತ್ತಾಳೆ. ಅಲ್ಲಿದ್ದ ಎಲ್ಲ ನಟ್ಟಿಗೂ ಬೊಟ್ಟಿತ್ತು. ಒಳಕ್ಕೆ ಹೋಗುವ ಕೊಳವೆಯ ನಟ್ಟು ಮಾತ್ರ ಬೋಳು.

"ಇದು ಹುಡುಗಿ ಕೆಲ್ಸ ಅಲ್ಲ ಮೇಡಂ" ಅಂದ ರಸ್. "ಯಾರೋ ಬೇಕಂತ್ಲೇ ಮಾಡಿದಾರೆ."

"ಅದೂ ಹುಡುಗಿಗಲ್ಲ. ಅವ್ಳು ಓಡಿಸ್ತಾಳೆ ಅಂತ ಶನಿವಾರ ಬೆಳಿಗ್ಗೆತನಕ ಯಾರಿಗೂ ಗೊತ್ತಿರ್ಲಿಲ್ಲ."

ಪ್ರಕರಣ ಕೊಲೆಯತ್ನವಾಯಿತು. ಕಾರ್ಲಾ ಮತ್ತೆ ಗಾರ್ವಿನ್‌ನ ಎದುರು ಕೂತಳು.

"ನಿಮ್ ಮೇಲೆ ಯಾರಿಗ್ ದ್ವೇಷ?"

"ನನ್ ಮೇಲಾ? ಯಾರಿಗೂ ಇಲ್ಲ."

"ಈ ಟ್ರ್ಯಾಕಲ್ಲಿ ಹಿಂದೆ ಯಾವತ್ತಾದ್ರೂ ಹಿಂಗಾಗಿತ್ತಾ?"

ಅವನು ಟೋಪಿಯನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಸರಿಸಿದ. "ಎಂಟು ವರ್ಷ ಆಯ್ತು. ಆರ್ಲೋ ಮಗ ವೇಡ್, ಬೆಂಕೀಲೇ ಹೋದ. ಅವ್ನೂ ಕೊಳವೆ ಒಳಗ್ ತಂದಿದ್ದ."

"ಕಾರು ಪರೀಕ್ಷೆ ಮಾಡಿ ಓಟಕ್ಕೆ ಬಿಟ್ಟಿದ್ದು ಯಾರು?"

"ನಾನೇ. ಓಟಕ್ಕೆ ಮುಂಚೆ ಕಾರ್ ನೋಡಿ ಚೀಟಿ ಅಂಟಿಸೋ ಕೆಲ್ಸ ಆಗ ನಂದು. ನಾನ್ ನೋಡ್ದಾಗ ಕೊಳವೆ ಇರ್ಲಿಲ್ಲ. ಆಮೇಲೆ ಕದ್ದು ಹಾಕ್ಕೊಂಡಿದಾನೆ. ವಿಚಾರಣೇಲೂ ಅದೇ ಹೇಳಿದೀನಿ."

ಕಾರು ಇದ್ದ ಶೆಡ್ಡಿನ ಬೀಗದ ಕೈ ಎಲ್ಲಿರುತ್ತದೆಂದು ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಆರ್ಲೋಗೆ. ಓಟಕ್ಕೆ ಎರಡು ದಿನ ಮೊದಲು, ಗುರುವಾರ ಚರ್ಚಿನಲ್ಲಿ ಊಟವಿತ್ತು. ಬ್ರಾಂಡ್ ಮನೆಯವರೆಲ್ಲ ಹೋಗಿದ್ದರು. ಒಂದು ಊಟವನ್ನೂ ತಪ್ಪಿಸದ ಆರ್ಲೋ ಅವತ್ತು ತಲೆನೋವೆಂದು ಬಂದಿರಲಿಲ್ಲ.

ರಸ್‌ಗೆ ಇದು ಗಂಟಲಲ್ಲಿ ಇಳಿಯಲಿಲ್ಲ. "ಏನ್ ಮೇಡಂ ನೀವು! ಕೈ ಎರಡೂ ಸುಟ್ಕೊಂಡು ಕಾಪಾಡ್ದೋನು ಅವ್ನು. ಊರೋರು ನಮ್ಮನ್ನ ಅಟ್ಟಾಡಿಸ್ಕೊಂಡ್ ಹೊಡೀತಾರೆ."

"ವಿಡಿಯೋ ಹಾಕು."

ಪ್ರೇಕ್ಷಕನೊಬ್ಬ ಫೋನಿನಲ್ಲಿ ಹಿಡಿದದ್ದು. ಬೇಲಿಯ ಪಕ್ಕ ಆರ್ಲೋ ಕಾಫಿ ಲೋಟ ಹಿಡಿದು ನಿಂತಿದ್ದಾನೆ. ಕಾರು ಗೆರೆಗೆ ಬರುತ್ತದೆ. ಹೆಲ್ಮೆಟ್ಟಿನೊಳಗೆ ಯಾರಿದ್ದಾರೋ ಕಾಣದು. ಧ್ವನಿವರ್ಧಕ ಕೂಗುತ್ತದೆ: ಇವತ್ತು ಅಪ್ಪನ ಸೀಟಿನಲ್ಲಿ ಮಗಳು, ಟೆಸ್ ಬ್ರಾಂಡ್! ಲೋಟ ಕೆಳಗೆ ಬೀಳುತ್ತದೆ. ಆರ್ಲೋ ಬೆಂಕಿ ಆರಿಸುವ ಸಿಲಿಂಡರ್ ಕಿತ್ತುಕೊಂಡು, ಕೈ ಬೀಸಿ ಕಿರುಚುತ್ತ ಓಡುತ್ತಾನೆ. ಆಮೇಲೆ ಹಸಿರು ದೀಪ ಹತ್ತಿ, ಕಾರು ಚಿಮ್ಮುತ್ತದೆ. ಒಳಗೆ ಬೆಂಕಿಯ ಬೆಳಕು ಕಾಣಿಸುವುದು ಅದಕ್ಕೂ ಆಮೇಲೆ.

ರಸ್ ವಿಡಿಯೋವನ್ನು ತಾನೇ ಇನ್ನೊಂದು ಸಲ ಹಾಕಿ ನೋಡಿದ. "ಬೆಂಕಿ ಹತ್ತೋಕ್ ಮುಂಚೇನೇ ಓಡ್ತಿದಾನೆ."

ಮಂಗಳವಾರ ವಾರಂಟ್ ಹಿಡಿದು ಆರ್ಲೋನ ಕೆಲಸದ ಕೋಣೆ ಶೋಧಿಸಿದರು. ಬೇರೆ ಯಾರೇ ಆಗಿದ್ದರೂ ಕಾರಿನಿಂದ ಬಿಚ್ಚಿ ತೆಗೆದದ್ದನ್ನು ಕೆರೆಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಓಟದ ಕಾರಿನವರ ಕೈಯಿಂದ ಒಳ್ಳೆಯ ಬಿಡಿಭಾಗ ಕಸಕ್ಕೆ ಹೋಗುವುದಿಲ್ಲ, ಪ್ರಾಣ ಹೋದರೂ ಹೋಗುವುದಿಲ್ಲ. ಮೂರನೆಯ ಡ್ರಾಯರಿನಲ್ಲಿ ಹೊಸ ಕರೆಂಟಿನ ಗೇಜು, ಅದರ ಸೆನ್ಸರ್, ಎಣ್ಣೆ ಒರೆಸಿ ಶುಭ್ರ ಬಟ್ಟೆಯಲ್ಲಿ ಸುತ್ತಿಟ್ಟಿದ್ದವು. ಸೆನ್ಸರಿನ ಮೇಲೆ ಕೆಂಪು ಬೊಟ್ಟು ಹಾಗೇ ಇತ್ತು.

ಬುಧವಾರ ಬೆಳಿಗ್ಗೆ ಕಾರ್ಲಾ ಆ ಬಟ್ಟೆಯ ಗಂಟನ್ನು ಆರ್ಲೋನ ಹಾಸಿಗೆಯ ಮೇಲಿಟ್ಟಳು.

"ಯಾಕ್ ಓಡಿದ್ರಿ, ಆರ್ಲೋ?"

ಅವನು ಬ್ಯಾಂಡೇಜಿನ ಕೈಯಿಂದ ಗಂಟನ್ನು ಪಕ್ಕಕ್ಕೆ ಸರಿಸಿದ. "ಹುಡುಗಿ ಉಳೀತಾಳಾ?"

"ಉಳೀತಾಳೆ ಅಂತ ನಿನ್ನೆ ಹೇಳಿದ್ರು."

"ಹಾಗಾದ್ರೆ ಬರ್ಕೊಳಿ." ಅವನ ಧ್ವನಿ ಏರಲಿಲ್ಲ. "ಮಗ ಸತ್ತ ಅಂತ ನಾನು ಇದನ್ನ ಮಾಡ್ಲಿಲ್ಲ. ಓಟಕ್ಕೆ ಬಿಟ್ಮೇಲೆ ಅದಕ್ಕೂ ಎದೆ ಗಟ್ಟಿ ಮಾಡ್ಕೊಂಡಿರ್ಬೇಕು. ಆದ್ರೆ ವೇಡ್ ಆ ಕೊಳವೆ ಹಾಕಿ ವಾರ ಆಗಿತ್ತು. ಗಾರ್ವಿನ್ ನೋಡೇ ಚೀಟಿ ಅಂಟಿಸಿದ್ದ. ವಿಚಾರಣೇಲಿ ನಿಂತ್ಕೊಂಡು ಹುಡುಗ ಕದ್ದು ಹಾಕ್ಕೊಂಡ ಅಂದ. ಸತ್ತೋನ್ ಬಾಯ್ ಬಿಡ್ತಾನಾ? ಮಗಂದೇ ತಪ್ಪು ಅಂತ ನನ್ ಹೆಂಡ್ತಿ ನಂಬ್ಕೊಂಡೇ ಸತ್ಲು. ಎಂಟು ವರ್ಷ ಅವ್ನ ಜೊತೆ ಕಾಫಿ ಕುಡ್ದೆ, ಒಂದ್ ದಿನ ನಿಜ ಹೇಳ್ತಾನೆ ಅಂತ. ಹೋದ್ ತಿಂಗ್ಳು ಹೊಸ ಗೇಜ್ ತೋರ್ಸಿ ನಗ್ತಾ ಹೇಳ್ದ, ನನ್ ಮಗ್ಳು ಜಾಣೆ ಕಣೋ, ನಿನ್ ಮಗನ್ ಥರ ಅಲ್ಲ ಅಂತ."

ಬಂಧಿಸುವಾಗ ಹೇಳಬೇಕಾದ ಹಕ್ಕುಗಳನ್ನು ಕಾರ್ಲಾ ಓದಿ ಹೇಳಿದಳು. ಬ್ಯಾಂಡೇಜು ಮೊಣಕೈವರೆಗೂ ಇದ್ದುದರಿಂದ ಬೇಡಿ ಹಾಕಲು ಜಾಗವಿರಲಿಲ್ಲ. ರಸ್ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತ.

ಪಕ್ಕದ ಕೋಣೆಯಲ್ಲಿ ಟೆಸ್‌ಗೆ ಅವಳು ಒಂದೇ ಮಾತು ಹೇಳಿದಳು: "ನೀನು ಸರಿಯಾಗೇ ಜೋಡಿಸಿದ್ದೆ ಕಣಮ್ಮ." ಹುಡುಗಿ ಗೋಡೆಗೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ಯಾರು, ಯಾಕೆ ಎಂದು ಆಗ ಕೇಳಲಿಲ್ಲ.

ಪಡಸಾಲೆಯಲ್ಲಿದ್ದ ಗಾರ್ವಿನ್‌ಗೆ ಕಾರ್ಲಾ ಎಲ್ಲವನ್ನೂ ಹೇಳಿದಳು. ಅವನು ಆರ್ಲೋನನ್ನು ಬೈಯುತ್ತಾನೆ ಎಂದುಕೊಂಡಿದ್ದಳು, ಬೈಯಲಿಲ್ಲ.

"ಒಂದೇ ಒಂದು ಪ್ರಶ್ನೆ ಗಾರ್ವಿನ್. ನೀವು ಚೀಟಿ ಅಂಟಿಸ್ದಾಗ ವೇಡ್ ಕಾರಲ್ಲಿ ಕೊಳವೆ ಇತ್ತಾ?"

ಅವನು ಗಾಜಿನ ಆಚೆ ಮಲಗಿದ್ದ ಮಗಳನ್ನು ನೋಡುತ್ತ ನಿಂತ.

"ಇತ್ತು. ಕೈಯಲ್ಲಿ ಮುಟ್ಟಿ ನೋಡಿದ್ದೆ. ನಮ್ ಆರ್ಲೋ ಮಗ ಅಲ್ವಾ, ಅಷ್ಟು ಆಸೆಯಿಂದ ಬಂದಿದಾನೆ, ಹೆಂಗೆ ವಾಪಸ್ ಕಳ್ಸೋದು ಅಂತ ಬಿಟ್ಟೆ."

ಕಾರ್ಲಾ ಅದನ್ನು ಬರೆದುಕೊಂಡು, ಕೆಳಗೆ ಅವನ ಸಹಿ ಹಾಕಿಸಿದಳು.