ಲೆಕ್ಕಕ್ಕಿಲ್ಲದ ಐವತ್ತು ನಿಮಿಷ

ಮೇದಿನಿ ತಂದೆಯ ಮನೆಯ ಹೊಸ್ತಿಲು ದಾಟಿ ಆಟೋ ಹತ್ತಿದ ಕೂಡಲೇ ಅವಳ ಎಡಗೈ ಪಟ್ಟಿಯ ಮೇಲಿನ ಹಸಿರು ಚುಕ್ಕೆ ಆರಿಹೋಯಿತು. ಭಾನುವಾರ ಸಂಜೆ ಐದು ಗಂಟೆ ಎರಡು ನಿಮಿಷ. ಇನ್ನು ಆ ಚುಕ್ಕೆ ಹೊತ್ತಿಕೊಳ್ಳುವುದು ಕೋಟೆ ಬಡಾವಣೆಯಲ್ಲಿ, ತಾಯಿಯ ಮನೆಯ ಬಾಗಿಲಲ್ಲಿ. ನಡುವಿನ ಹೊತ್ತು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಈ ಪಟ್ಟಿಯ ಹೆಸರು ನೆಮ್ಮದಿಮಾಪಕ. ಮಗುವಿನ ನಾಡಿಬಡಿತ, ಚರ್ಮದ ಬೆವರು, ಉಸಿರಿನ ಲಯ, ನಿದ್ದೆಯ ಆಳ ಎಲ್ಲವನ್ನೂ ನಿಮಿಷನಿಮಿಷಕ್ಕೂ ಅಳೆದು ಅದು ನೂರಕ್ಕೆ ಇಷ್ಟು ಎಂದು ಒಂದು ಸಂಖ್ಯೆಯನ್ನು ಕೊಡುತ್ತದೆ. ಅದು ನೆಮ್ಮದಿಯಂಕ. ಓಡಿ ಆಡಿದಾಗ ಏರುವ ನಾಡಿಯನ್ನು ಹೆದರಿದಾಗ ಏರುವ ನಾಡಿಯಿಂದ ಬೇರ್ಪಡಿಸುವ ಶೋಧಕಸೂತ್ರವೂ ಅದರೊಳಗಿದೆ. ಬೇರೆಯಾದ ತಂದೆತಾಯಿಯರ ಮಕ್ಕಳಿಗೆ ಕುಟುಂಬ ನ್ಯಾಯಾಲಯವೇ ಅದನ್ನು ಕಟ್ಟುತ್ತದೆ. ಮೂರು ತಿಂಗಳಿಗೊಮ್ಮೆ ಎರಡು ಮನೆಗಳ ಅಂಕವನ್ನು ಹೋಲಿಸಿ, ಮಗು ಎಲ್ಲಿ ಎಷ್ಟು ದಿನ ಇರಬೇಕೆಂಬುದನ್ನು ತಿದ್ದಲಾಗುತ್ತದೆ.

ಇದನ್ನು ಕಂಡುಹಿಡಿದವರು ಡಾ. ಸುಮಂಗಲಾ. ಹಿಂದೆ ಮಗುವಿನ ಹಿತವೇ ಮುಖ್ಯ ಎಂದು ಕಾನೂನು ಹೇಳುತ್ತಿತ್ತು. ಆದರೆ ಆ ಹಿತವನ್ನು ಅಳೆಯುವುದು ಹೇಗೆ ಎಂದು ಯಾರೂ ಹೇಳುತ್ತಿರಲಿಲ್ಲ. ವಕೀಲರು ಒಬ್ಬ ತಾಯಿಯ ಅಡುಗೆಯನ್ನೂ ಒಬ್ಬ ತಂದೆಯ ಗೆಳೆಯರನ್ನೂ ಕಟಕಟೆಗೆ ಎಳೆಯುತ್ತಿದ್ದರು. ಆದೇಶವೊಂದನ್ನು ಬದಲಿಸಿಕೊಳ್ಳಲು ಅಲೆದಲೆದು, ಅದು ಕೈಗೆ ಬರುವ ಹೊತ್ತಿಗೆ ಮಗುವಿಗೆ ಮೀಸೆ ಬಂದಿರುತ್ತಿತ್ತು. ಮಾಪಕ ಬಂದ ಮೇಲೆ ಆ ಕೆಸರೆರಚಾಟ ನಿಂತಿತು. ಮನೆಗಳಲ್ಲಿ ದನಿ ತಗ್ಗಿತು. ಮಗಳು ಬೆಚ್ಚುತ್ತಾಳೆಂದು ಮಿಕ್ಸಿಯನ್ನು ಹಿತ್ತಲಿಗೆ ಸಾಗಿಸಿದ ತಂದೆಯೊಬ್ಬರಿದ್ದರು. ಸುಮಂಗಲಾ ಆ ಸಂಗತಿಯನ್ನು ಸಭೆಗಳಲ್ಲಿ ಸಂತೋಷದಿಂದ ಹೇಳುತ್ತಿದ್ದರು.

ಒಂಬತ್ತು ವರ್ಷದ ಮೇದಿನಿಯ ಪ್ರಕರಣ ಅವರ ಮುಂದೆ ಬಂದದ್ದು ಫೆಬ್ರುವರಿಯಲ್ಲಿ. ತಂದೆ ಲೋಹಿತ್ ರೈಲ್ವೆ ಗೇಟಿನಾಚೆ ಕನ್ನಡಕದ ಅಂಗಡಿ ಇಟ್ಟಿದ್ದ. ತಾಯಿ ಸಿಂಚನಾ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್. ಎರಡು ವರ್ಷದಿಂದ ಮಗಳು ವಾರ ಅಲ್ಲಿ, ವಾರ ಇಲ್ಲಿ. ಈಗ ಸಿಂಚನಾಳಿಗೆ ರಾಯಚೂರಿಗೆ ವರ್ಗವಾಗಿತ್ತು. ಶಾಲೆಯನ್ನು ಎರಡು ಊರಿಗೆ ಹಂಚಲಾಗದು. ಮಗಳನ್ನು ತನ್ನೊಡನೆ ಕಳಿಸಬೇಕೆಂದು ಅವಳು ಅರ್ಜಿ ಹಾಕಿದಳು, ಕಳಿಸಬಾರದೆಂದು ಅವನು ಹಾಕಿದ. ನ್ಯಾಯಾಧೀಶರು ರೂಢಿಯಂತೆ ನೆಮ್ಮದಿಯಂಕ ತರಿಸಿ ನೋಡಿದರು. ತಾಯಿಯ ಮನೆ, ಎಂಬತ್ತೊಂದು ದಶಮಾಂಶ ನಾಲ್ಕು. ತಂದೆಯ ಮನೆ, ಎಂಬತ್ತೊಂದು ದಶಮಾಂಶ ನಾಲ್ಕು. ಹಿಂದಿನ ಏಳು ತ್ರೈಮಾಸಿಕಗಳಲ್ಲೂ ಅಷ್ಟೇ, ಎರಡು ಮನೆಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಂತ್ರವನ್ನು ತಪಾಸಣೆ ಮಾಡಿ ಹದಿನೈದು ದಿನದಲ್ಲಿ ವರದಿ ಕೊಡಿ ಎಂದು ಅವರು ಸುಮಂಗಲಾರಿಗೆ ಬರೆದರು.

ಸುಮಂಗಲಾ ಎರಡೂ ಮನೆಗಳಿಗೆ ಹೋದರು. ಎರಡೂ ಕಡೆ ಕಾಫಿ ಬಂತು, ಎರಡೂ ಕಡೆ ಮಾತು ಮೆಲ್ಲಗಿತ್ತು. ಎರಡೂ ಕಡೆ ದೊಡ್ಡವರ ಕಣ್ಣು ಮೊಬೈಲಿನಲ್ಲಿ ಮೂಡುವ ಆ ಸಂಖ್ಯೆಯ ಮೇಲೆ. ಲೋಹಿತ್ ಮಗಳ ಹಾಸಿಗೆಯ ಬಳಿ ಚಿಕ್ಕ ಫ್ಯಾನನ್ನು ಗೋಡೆಯತ್ತ ತಿರುಗಿಸಿಟ್ಟಿದ್ದ, ನೇರ ಗಾಳಿ ಬಡಿದರೆ ಅವಳಿಗೆ ಕೆಮ್ಮು ಬರುತ್ತದಂತೆ. ಸಿಂಚನಾ ಪ್ಯಾಕ್ ಮಾಡಿದ ರಟ್ಟಿನ ಪೆಟ್ಟಿಗೆಗಳನ್ನು ಮಗಳ ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ಸರಿಸಿದ್ದಳು. ಇಬ್ಬರಲ್ಲಿ ಒಬ್ಬರನ್ನಾದರೂ ಕೆಟ್ಟವರೆನ್ನಲು ಸಾಧ್ಯವಿರಲಿಲ್ಲ. ಮೇದಿನಿ ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರ ಕೊಟ್ಟಳು. ಮೇಜಿನಡಿ ಅವಳ ಕಾಲು ಮಾತ್ರ ಒಂದೇ ಸಮನೆ ಅಲುಗುತ್ತಿತ್ತು.

ಯಂತ್ರದಲ್ಲಿ ದೋಷವಿರಲಿಲ್ಲ. ಆದರೂ ಸುಮಂಗಲಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಡತ ತಿರುವುವಾಗ ಒಂದು ದಿನಾಂಕ ಕಣ್ಣಿಗೆ ಬಿತ್ತು. ಕಳೆದ ಆಗಸ್ಟ್ ಹನ್ನೊಂದರಂದು ಸಿಂಚನಾಳ ತಾಯಿ, ಮೇದಿನಿಯನ್ನು ಸಾಕಿದ ಅಜ್ಜಿ, ತೀರಿಕೊಂಡಿದ್ದರು. ಮೊಮ್ಮಗಳು ಪಕ್ಕದ ಕೋಣೆಯಲ್ಲೇ ಇದ್ದಳು. ಆ ದಿನದ ನೆಮ್ಮದಿಯಂಕ ಎಂಬತ್ತು ದಶಮಾಂಶ ಒಂಬತ್ತು.

ಅಜ್ಜಿ ಸತ್ತ ದಿನ ಯಾವ ಮಗುವೂ ಹಾಗಿರುವುದಿಲ್ಲ.

ಪಟ್ಟಿ ದಾರಿಯಲ್ಲೂ ಅಳೆಯುತ್ತಲೇ ಇರುತ್ತದೆ, ಲೆಕ್ಕ ಮಾತ್ರ ಹಿಡಿಯುವುದಿಲ್ಲ. ಆಟೋದ ಕುಲುಕಾಟದಿಂದ ಅಂಕ ಕೆಡಬಾರದು, ಅದು ಯಾವ ಮನೆಯ ಮೇಲೂ ಹೊರೆಯಾಗಬಾರದು ಎಂದು ಆ ನಿಯಮ ಬರೆದವರು ಸುಮಂಗಲಾರೇ. ಮಾಪಕ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಆ ಭಾಗವನ್ನು ತೆರೆದು ನೋಡಿದರು. ಮನೆಗಳಲ್ಲಿ ಗೆರೆ ಎಳೆದಂತಿದ್ದ ನಕ್ಷೆ ಭಾನುವಾರದ ದಾರಿಯಲ್ಲಿ ಬೆಟ್ಟವಾಗಿ ಏರಿ ಕಮರಿಗೆ ಬೀಳುತ್ತಿತ್ತು. ಇನ್ನೊಂದು ವಿಚಿತ್ರವೂ ಇತ್ತು. ಎರಡು ಮನೆಗಳ ನಡುವೆ ಇರುವುದು ನಾಲ್ಕು ಕಿಲೋಮೀಟರ್. ಆಟೋ ತೆಗೆದುಕೊಳ್ಳುತ್ತಿದ್ದುದು ಐವತ್ತು ನಿಮಿಷ.

ಮಕ್ಕಳನ್ನು ಕರೆದೊಯ್ಯಲು ನ್ಯಾಯಾಲಯ ನೇಮಿಸಿದ್ದ ಆಟೋ ಚಾಲಕಿ ಜಬೀನ್. ಇಷ್ಟು ತಡವೇಕೆಂದು ಸುಮಂಗಲಾ ಕೇಳಿದ ಕೂಡಲೇ ಅವಳು ಆಟೋದಿಂದಿಳಿದು ಸೆರಗು ಸರಿಮಾಡಿಕೊಂಡು ನಿಂತಳು.

"ಬರ್ಕೊಳ್ಳಿ ಮೇಡಂ, ತಡ ಮಾಡೋದು ನಾನೇ. ಮೊದಲನೇ ವಾರ ಗೇಟ್ ದಾಟ್ತಿದ್ದಂಗೆ ಅಳೋಕೆ ಶುರು ಮಾಡಿದ್ಲು. ಅಳು ಮುಗಿಯೋಕೆ ಮುಂಚೆ ಮನೆ ಬಂದ್ಬಿಡ್ತು. ಅರ್ಧ ಅಳು ನುಂಗ್ಕೊಂಡು, ಮುಖ ಒರೆಸ್ಕೊಂಡು ಇಳಿದ್ಲು. ನನಗೆ ಅವತ್ತು ಊಟ ಸೇರ್ಲಿಲ್ಲ. ಆಮೇಲಿಂದ ಕೆರೆ ಏರಿ ಸುತ್ಕೊಂಡು ಬರ್ತೀನಿ."

"ಅಪ್ಪ ಅಮ್ಮನಿಗೆ ಹೇಳಲಿಲ್ವಾ?"

"ಹೇಳ್ಬೇಡಿ ಅಂದ್ಲು ಮಗು. ಮಾತು ಕೊಟ್ಬಿಟ್ಟೆ. ನೀವು ಓದಿದೋರು ಕೇಳ್ತಿದ್ದೀರ, ಅದಕ್ಕೆ ಬಾಯಿಬಿಟ್ಟೆ."

ಮುಂದಿನ ಭಾನುವಾರ ಸುಮಂಗಲಾ ತಾವೂ ಆ ಆಟೋದಲ್ಲಿ ಕೂತರು. ಮೇದಿನಿ ಪಕ್ಕದ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. ಕೆರೆ ಏರಿ ಬಂದಾಗ ಜಬೀನ್ ಹಿಂದೆ ತಿರುಗದೆಯೇ, ಇವರು ಒಳ್ಳೆಯವರೇ, ಬೈಯುವವರಲ್ಲ ಎಂದಳು. ಆಗ ಹುಡುಗಿ ಸುಮಂಗಲಾರ ಕಡೆ ತಿರುಗಿ, ಪಟ್ಟಿ ಈಗ ನಿಜವಾಗಿ ಆರಿದೆಯೇ ಎಂದು ವಿಚಾರಿಸಿದಳು. ಲೆಕ್ಕಕ್ಕಿಲ್ಲ ಎಂದು ಅವರು ಹೇಳಿದ ಮೇಲೆ ನಿಧಾನವಾಗಿ ಮಾತು ಬಂತು.

ಅಂಕ ಇಳಿದ ಮನೆಯಲ್ಲಿ ದಿನ ಕಡಿಮೆಯಾಗುತ್ತದೆಂದು ಅವಳಿಗೆ ಏಳು ವರ್ಷವಿದ್ದಾಗಲೇ ತಿಳಿದಿತ್ತು. ಅಮ್ಮನ ಮನೆಯಲ್ಲಿ ಎಂಬತ್ತೆರಡು ಬಂದರೆ ಅಪ್ಪನ ಮನೆಯಲ್ಲೂ ಎಂಬತ್ತೆರಡು ಬರಬೇಕು. ಅಳು ಬಂದಾಗ ಹದಿನೇಳರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳಿಕೊಳ್ಳುತ್ತಿದ್ದಳು. ಒಂದು ಕಡೆ ತೀರಾ ಖುಷಿಯಾಗಿ ಮೊಬೈಲಿನಲ್ಲಿ ಅಂಕ ಏರಿದ್ದು ಕಂಡರೆ, ಮಲಗುವ ಮುಂಚೆ ತೊಡೆ ಚಿವುಟಿಕೊಂಡು ಇಳಿಸುತ್ತಿದ್ದಳು. ಅಜ್ಜಿಯ ದಿನ ಮಗ್ಗಿ ಸಾಲಲಿಲ್ಲ, ಪುಸ್ತಕದ ಹಿಂದಿದ್ದ ರಾಜಧಾನಿಗಳ ಪಟ್ಟಿಯನ್ನೂ ಹೇಳಿಕೊಂಡಳಂತೆ.

"ಈ ಸಲಾನೂ ಸಮ ಮಾಡಿದೀನಿ ಆಂಟಿ," ಎಂದಳು. "ಸಮ ಇದ್ರೆ ಇಬ್ಬರ ಹತ್ರಾನೂ ಇರ್ಬಹುದು ಅಲ್ವಾ? ರಾಯಚೂರಾದ್ರೂ?"

ಸುಮಂಗಲಾ ಹೊರಗೆ ನೋಡಿದರು. ಕೆರೆಯ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಹುಡುಗಿ ಮತ್ತೆ ಕೇಳಿದಳು.

"ಈ ಆಟೋ ಟೈಮ್‌ನೂ ಇನ್ಮೇಲೆ ಲೆಕ್ಕಕ್ಕೆ ತಗೋತೀರಾ?"

ಆ ಪ್ರಶ್ನೆ ಅವರನ್ನು ಮೂರು ದಿನ ಅಲೆದಾಡಿಸಿತು. ವರದಿ ಬರೆಯುವುದು, ಅಳಿಸುವುದು, ಪ್ರಯೋಗಾಲಯದ ಉದ್ದಕ್ಕೂ ನಡೆಯುವುದು. ನಿಜ ಹೇಳದಿದ್ದರೆ ಸುಳ್ಳು ಅಂಕದ ಮೇಲೆ ತೀರ್ಪು ಬರುತ್ತದೆ. ನಿಜ ಹೇಳಿದರೆ ದಾರಿಯ ಅಂಕವನ್ನೂ ಸೇರಿಸೆಂದು ಕೇಳುವವರು ಹುಟ್ಟುತ್ತಾರೆ. ಅವಳಿಗಿರುವ ಐವತ್ತು ನಿಮಿಷವೂ ಹೋಗುತ್ತದೆ.

ಆದದ್ದೂ ಹಾಗೆಯೇ. ನ್ಯಾಯಾಲಯದಲ್ಲಿ ಅವರು ನಿಜವೆಲ್ಲವನ್ನೂ ಹೇಳಿ ಮುಗಿಸುವ ಮುಂಚೆಯೇ ಲೋಹಿತ್‌ನ ವಕೀಲರು ಎದ್ದು, ದಾರಿಯ ಅಂಕವೇ ಶುದ್ಧವಾದದ್ದು, ಮಗು ಯಾವ ಮನೆ ಬಿಡುವಾಗ ಹೆಚ್ಚು ಅಳುತ್ತದೋ ಆ ಮನೆಗೇ ಮಗು ಸೇರಬೇಕು ಎಂದು ವಾದಿಸಿದರು. ಸಿಂಚನಾಳ ವಕೀಲರು, ಯಾವ ಮನೆಗೆ ಹೋಗುವಾಗ ಹೆಚ್ಚು ಅಳುತ್ತದೋ ಆ ಮನೆ ತಪ್ಪಬೇಕು ಎಂದರು. ಇಬ್ಬರೂ ಹೇಳಿದ್ದು ಒಂದೇ ಎಂಬುದು ಅವರಿಗೇ ಹೊಳೆಯಲಿಲ್ಲ.

ನ್ಯಾಯಾಧೀಶರು ಸುಮಂಗಲಾರನ್ನು ನೋಡಿದರು. "ನಿಮ್ಮ ಅಭಿಪ್ರಾಯ ಹೇಳಿ ಡಾಕ್ಟರೇ. ದಾರಿಯನ್ನೂ ಎಣಿಸಬಹುದೇ?"

"ಎಣಿಸಬಹುದು ಸ್ವಾಮಿ, ಒಂದು ಗುಂಡಿ ಒತ್ತಿದರೆ ಸಾಕು," ಎಂದರು ಸುಮಂಗಲಾ. "ಒತ್ತಿದ ದಿನದಿಂದ ಈ ಮಗುವಿಗೆ ಅಳೋದಕ್ಕೆ ಜಾಗ ಇರೋದಿಲ್ಲ. ನಾನು ಕಟ್ಟಿದ ಯಂತ್ರ ನೆಮ್ಮದಿಯನ್ನು ಅಳೆಯಲಿಲ್ಲ. ಅಪ್ಪ ಅಮ್ಮ ಇಬ್ಬರನ್ನೂ ಉಳಿಸಿಕೊಳ್ಳೋಕೆ ಅವಳು ಪಟ್ಟ ಪಾಡನ್ನು ಅಳೆಯಿತು. ದಯವಿಟ್ಟು ಇದನ್ನು ಅವಳ ಕೈಯಿಂದ ಬಿಚ್ಚಿಸಿ."

ಲೋಹಿತ್ ತನ್ನ ವಕೀಲರ ಕೋಟಿನ ತುದಿ ಹಿಡಿದು ಕೆಳಗೆ ಕೂರಿಸಿದ. ಸಿಂಚನಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು. ತೊಡೆ ಚಿವುಟಿಕೊಂಡ ಕಲೆಗಳನ್ನು ಅವಳು ಸ್ನಾನ ಮಾಡಿಸುವಾಗ ನೋಡಿದ್ದಳು, ಸೊಳ್ಳೆ ಕಚ್ಚಿದ್ದೆಂದು ಮುಲಾಮು ಹಚ್ಚಿದ್ದಳು. ಅವಳು ಅದನ್ನು ಯಾರಿಗೆಂದಿಲ್ಲದೆ ಹೇಳಿಕೊಂಡಾಗ, ಲೋಹಿತ್ ತಾನೂ ಹಚ್ಚಿದ್ದೆ ಎಂದ. ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ವಕೀಲರಿಲ್ಲದೆ ನಡೆದ ಮೊದಲ ಮಾತು ಅದು.

ಪಟ್ಟಿಯನ್ನು ಬಿಚ್ಚಲಾಯಿತು. ನ್ಯಾಯಾಧೀಶರು ಹಳೆಯ ಕಾಲದವರಂತೆ ಮೇದಿನಿಯನ್ನು ತಮ್ಮ ಕೋಣೆಗೆ ಕರೆದು ಮಾತನಾಡಿದರು, ಶಾಲೆಯ ಟೀಚರನ್ನು ಕರೆಸಿ ಕೇಳಿದರು, ಜಬೀನಳನ್ನೂ ಕರೆಸಿದರು. ಶಾಲೆ ನಡೆಯುವ ತಿಂಗಳುಗಳಲ್ಲಿ ತಂದೆಯ ಬಳಿ, ರಜೆಗಳಲ್ಲಿ ಮತ್ತು ಎರಡನೇ ಶನಿವಾರಗಳಲ್ಲಿ ತಾಯಿಯ ಬಳಿ, ವರ್ಷದ ನಂತರ ಪುನಃ ಪರಿಶೀಲನೆ ಎಂದು ಆದೇಶವಾಯಿತು. ಯಾರ ಮನೆ ಮೇಲು ಎಂಬುದನ್ನು ತಾವು ತೀರ್ಮಾನಿಸಿಲ್ಲ ಎಂದು ಅವರು ಆದೇಶದಲ್ಲಿ ಸ್ಪಷ್ಟವಾಗಿ ಬರೆಸಿದ್ದರು. ಇಬ್ಬರಲ್ಲಿ ಯಾರಿಗೂ ಅದರಿಂದ ಪೂರ್ತಿ ಸಮಾಧಾನವಾಗಲಿಲ್ಲ.

ಸಿಂಚನಾ ಬಸ್ಸು ಹತ್ತಿದ ಶನಿವಾರ ಮಧ್ಯಾಹ್ನ ಸುಮಂಗಲಾರ ಫೋನು ಹೊಡೆದುಕೊಂಡಿತು. ಲೋಹಿತ್ ಮಾತನಾಡುತ್ತಿದ್ದ. ಹಿಂದೆ ಯಾರೋ ಬಾಗಿಲಿಗೆ ಒದೆಯುವ ಸದ್ದು ಬರುತ್ತಿತ್ತು.

"ಮೇಡಂ, ಮೇದಿನಿ ಅಳ್ತಿದ್ದಾಳೆ. ಬಸ್ ಸ್ಟ್ಯಾಂಡಿಂದ ಬಂದಾಗಿಂದ. ಅಮ್ಮ ಬೇಕು, ನೀನು ಬೇಡ ಅಂತಾಳೆ. ತಟ್ಟೆ ಎಸೆದ್ಲು. ಇವಳು ಹೀಗೆ ಯಾವತ್ತೂ ಮಾಡಿದವಳಲ್ಲ." ಅವನು ದನಿ ತಗ್ಗಿಸಿದ. "ಇದನ್ನ ಯಾರಾದ್ರೂ ಬರ್ಕೋತಾ ಇದ್ದಾರಾ?"

ಯಾರೂ ಇಲ್ಲ ಎಂದರು ಸುಮಂಗಲಾ.

"ಹಂಗಾದ್ರೆ ನಾನೇನ್ ಮಾಡ್ಲಿ?"

ಆರು ನೂರು ಮಕ್ಕಳ ಹನ್ನೊಂದು ವರ್ಷದ ಅಂಕಿಗಳು ಅವರ ಬಳಿ ಇದ್ದವು. ಅಳುವ ಮಗಳ ಮುಂದೆ ತಂದೆ ಏನು ಮಾಡಬೇಕೆಂಬುದು ಅವುಗಳಲ್ಲಿ ಎಲ್ಲೂ ಇರಲಿಲ್ಲ. "ಹತ್ತಿರ ಹೋಗಿ ಕೂತ್ಕೊಳ್ಳಪ್ಪ," ಎಂದರು. "ಸುಮ್ಮನಿರು ಅಂತ ಮಾತ್ರ ಹೇಳ್ಬೇಡ."

"ಎಷ್ಟು ಹೊತ್ತು ಅಳ್ತಾಳೆ ಮೇಡಂ?"

"ಗೊತ್ತಿಲ್ಲ. ಇಲ್ಲೀವರೆಗೆ ಅವಳಿಗೆ ಐವತ್ತು ನಿಮಿಷಕ್ಕಿಂತ ಹೆಚ್ಚು ಸಿಕ್ಕಿರಲಿಲ್ಲ."

ಅವನು ಫೋನ್ ಆರಿಸುವುದನ್ನು ಮರೆತ. ನೆಲದ ಮೇಲೆ ಯಾರೋ ಕೂತ ಸದ್ದು, ಮಗುವಿನ ಬೈಗುಳ, ಮತ್ತೆ ಅಳು. ಸ್ವಲ್ಪ ಹೊತ್ತಿಗೆ ಅದರೊಳಗೆ ಇನ್ನೊಂದು ದಪ್ಪ ದನಿಯ ಅಳುವೂ ಸೇರಿಕೊಂಡಿತು. ಸುಮಂಗಲಾ ಮೆಲ್ಲನೆ ತಮ್ಮ ಕಡೆಯಿಂದ ಕರೆ ಮುಗಿಸಿದರು.

ಮರುದಿನ ಲೋಹಿತ್ ಒಂದು ಸಂದೇಶ ಕಳಿಸಿದ. ಒಂದು ಗಂಟೆ ಹತ್ತು ನಿಮಿಷವಾಯಿತಂತೆ. ಆಮೇಲೆ ಅವಳು ಮುಖ ತೊಳೆಯದೆಯೇ ಬಂದು, ಹೊಟ್ಟೆ ಹಸಿದಿದೆ, ಬಿಸಿ ದೋಸೆ ಬೇಕು, ಈಗಲೇ ಬೇಕು ಎಂದು ಬೀದಿಗೆ ಕೇಳುವಷ್ಟು ಜೋರಾಗಿ ಕೂಗಿದಳಂತೆ.